ಎಡ ಅಂಗೈಯ ಲಿಂಗ

ಸವತಿಯನ್ನು ತಾನೇ ನೋಡಿ, ತಾನೇ ಒಪ್ಪಿ, ತಾನೇ ಅಕ್ಷತೆ ಹಾಕಿ ಮನೆ ತುಂಬಿಸಿಕೊಂಡವಳು ಚನ್ನಬಸವ್ವ. ಬಂಜೆ ಎನಿಸಿಕೊಂಡ ತನ್ನಿಂದ ಆಗದ್ದು ಇನ್ನೊಬ್ಬಳಿಂದಾದರೂ ಆಗಲಿ ಎಂದು ದೊಡ್ಡ ಮನಸ್ಸು ಮಾಡಿದ್ದಳು. ಆ ದೊಡ್ಡ ಮನಸ್ಸು ಮದುವೆಯ ಊಟ ಮುಗಿಯುವವರೆಗೆ ಇತ್ತು. ಕಿರಿಯಳಾಗಿ ಬಂದ ಶಿವಗಂಗವ್ವನಿಗೂ ಮಕ್ಕಳಾಗಲಿಲ್ಲ, ಬೆಳೆದದ್ದು ಹಿರಿಯಳ ಹೊಟ್ಟೆಕಿಚ್ಚು ಮಾತ್ರ. ಗಂಡ ಸಿದ್ರಾಮಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರಿ. ಅಂಗಡಿಯಿಂದ ಬಂದು ಅವನು ಕಿರಿಯಳ ಕೈಯಿಂದ ನೀರು ಇಸಿದುಕೊಂಡರೆ ಇವಳ ಗಂಟಲು ಒಣಗುತ್ತಿತ್ತು.

ಎಂಬತ್ತೆರಡರ ಬೇಸಿಗೆಯಲ್ಲಿ ಸಿದ್ರಾಮಪ್ಪನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡು ಆಪರೇಷನ್ ನಿಶ್ಚಯವಾಯಿತು. ಕೊರಳಲ್ಲಿರುವ ದಾರ, ಬೆಳ್ಳಿಯ ಕರಡಿಗೆ, ಅದರೊಳಗಿನ ಕಲ್ಲು ಎಲ್ಲ ತೆಗೆದಿಡಬೇಕು ಎಂದು ಆಸ್ಪತ್ರೆಯ ಮರಾಠಿ ಡಾಕ್ಟರು ತಮ್ಮ ಭಾಷೆಯಲ್ಲಿ ಹೇಳಿದರು.

ಕಲ್ಲು ಎಂದದ್ದೇ ತಡ, ಸಿದ್ರಾಮಪ್ಪ ಎದ್ದು ಕುಳಿತ. ಅದು ಚಿಕ್ಕಂದಿನಲ್ಲಿ ಗುರುಗಳು ಕಟ್ಟಿದ ಇಷ್ಟಲಿಂಗ. ದಿನವೂ ಎಡ ಅಂಗೈಯಲ್ಲಿಟ್ಟು ಪೂಜಿಸುವುದು, ಸತ್ತರೆ ಅದೇ ಅಂಗೈಯಲ್ಲಿ ಸಮಾಧಿಗೆ ಹೋಗುವುದು. ಅವನೂ ಮರಾಠಿಯಲ್ಲೇ ಕೇಳಿದ: "ಡಾಕ್ಟರ್ ಸಾಹೇಬ, ಲಿಂಗ ತೆಗೆದಿಟ್ಟ ಮೈ ನಮ್ಮ ಪಾಲಿಗೆ ಹೆಣ. ನೀವು ಕೊಯ್ಯುವುದು ಹೆಣವನ್ನೋ, ಮನುಷ್ಯನನ್ನೋ?"

ಡಾಕ್ಟರಿಗೆ ಸಿಟ್ಟು ಬಂತು. ಪಕ್ಕದಲ್ಲಿದ್ದ ನರ್ಸ್ ಕುಸುಮ, "ಕೊಯ್ಯುವುದು ಹೊಟ್ಟೆಯನ್ನಲ್ಲವೇ ಸರ್? ಲಿಂಗವನ್ನು ಅಂಗೈಯಲ್ಲಿಟ್ಟು ಬ್ಯಾಂಡೇಜ್ ಸುತ್ತಿಬಿಡುತ್ತೇನೆ" ಎಂದಳು. ಡಾಕ್ಟರು ಸ್ವಲ್ಪ ಯೋಚಿಸಿ ಒಪ್ಪಿದರು. ಕರಡಿಗೆಯಿಂದ ತೆಗೆದು ಇಡುವವರು ಯಾರು ಎಂದು ಕುಸುಮ ಕೇಳಿದಳು.

"ಶಿವಗಂಗಾ ಇಡತಾಳ" ಎಂದ ಸಿದ್ರಾಮಪ್ಪ.

ಚನ್ನಬಸವ್ವನ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಪೂಜೆಗೆ ನೀರು, ಪತ್ರಿ, ವಿಭೂತಿ ಹೊಂದಿಸಿಕೊಟ್ಟವಳು ತಾನು. ಪ್ರಾಣದ ಹೊತ್ತಿಗೆ ಅವಳು!

ಮರುದಿನ ಬೆಳಿಗ್ಗೆ ಮತ್ತಿನ ಇಂಜೆಕ್ಷನ್‌ಗೆ ಸಿದ್ರಾಮಪ್ಪನ ಕಣ್ಣು ಮುಚ್ಚಿತ್ತು. ಕುಸುಮ ಕರಡಿಗೆಯನ್ನು ಕೊರಳಿಂದ ಬಿಚ್ಚಿ ದಿಂಬಿನ ಬಳಿ ಇಟ್ಟು ಹೋದಳು. ಶಿವಗಂಗವ್ವ ಕೈಕಾಲು ತೊಳೆಯಲು ನಲ್ಲಿಗೆ ಹೋಗಿದ್ದಳು. ಚನ್ನಬಸವ್ವ ಹಿಂದೆಮುಂದೆ ನೋಡಲಿಲ್ಲ. ಗಂಡನ ಲಿಂಗ ತೆಗೆದು ತನ್ನ ಕೊರಳ ಕರಡಿಗೆಗೆ ಹಾಕಿಕೊಂಡಳು. ಅದರಲ್ಲಿದ್ದ ತನ್ನ ಲಿಂಗವನ್ನು ಅವನ ಕರಡಿಗೆಗೆ ಹಾಕಿಟ್ಟಳು. ಶಿವಗಂಗವ್ವ ಬಂದು ಭಕ್ತಿಯಿಂದ ಅದನ್ನೇ ಅವನ ಅಂಗೈಯಲ್ಲಿಟ್ಟಳು, ಕುಸುಮ ಬ್ಯಾಂಡೇಜ್ ಸುತ್ತಿದಳು, ಗಾಡಿ ಥಿಯೇಟರಿನೊಳಗೆ ಹೋಯಿತು.

ಹೊರಗಿನ ಬೆಂಚಿನ ಮೇಲೆ ಚನ್ನಬಸವ್ವನಿಗೆ ಮೊದಮೊದಲು ಸಂತೋಷವೋ ಸಂತೋಷ. ಇಟ್ಟವಳು ನೀನಾದರೇನು, ಅವನ ಕೈಯಲ್ಲಿರುವುದು ನಾನು! ಆದರೆ ಮಧ್ಯಾಹ್ನವಾದರೂ ಬಾಗಿಲು ತೆರೆಯಲಿಲ್ಲ. ಆಗ ಅವಳಿಗೆ ಭಯವಾಯಿತು. ಏನಾದರೂ ಹೆಚ್ಚುಕಡಿಮೆಯಾದರೆ ಅವನು ತನ್ನ ಲಿಂಗವಿಲ್ಲದೆ ಹೋಗುತ್ತಾನೆ. ಡಾಕ್ಟರು ಉಳಿಸಿಕೊಟ್ಟ ಮರ್ಯಾದೆಯನ್ನು ಕಟ್ಟಿಕೊಂಡ ಹೆಂಡತಿಯೇ ಕಿತ್ತುಕೊಂಡಿದ್ದಳು. ಎದ್ದು ಹೇಳಿಬಿಡಬೇಕು ಎಂದುಕೊಂಡಳು. ಪಕ್ಕದಲ್ಲಿ ಕಣ್ಣು ಮುಚ್ಚಿ ಶಿವನನ್ನು ನೆನೆಯುತ್ತಿದ್ದ ಸವತಿಯ ಮುಖ ನೋಡಿದಳು. ಇವಳ ಮುಂದೆ ತಲೆ ತಗ್ಗಿಸುವುದೇ? ಆಗಲಿಲ್ಲ, ಬಾಯಿ ಬಿಡಲಿಲ್ಲ.

ಸಿದ್ರಾಮಪ್ಪ ಉಳಿದ. ಮರುದಿನ ಕುಸುಮ ಬ್ಯಾಂಡೇಜ್ ಬಿಚ್ಚಿದಾಗ ಅವನು ಲಿಂಗವನ್ನು ಬೆರಳಿನಿಂದ ಮುಟ್ಟಿ ನೋಡಿ ಬೆಚ್ಚಿಬಿದ್ದ.

"ಇದು ನಂದಲ್ಲ. ಏನ ಮಾಡಿದಿ ಶಿವಗಂಗಾ? ಸತ್ತಿದ್ರ ಮಂದಿ ಲಿಂಗ ಹಿಡಕೊಂಡು ಮಣ್ಣಿಗೆ ಹೋಗತಿದ್ನೆಲ್ಲ!"

ಶಿವಗಂಗವ್ವ ಗಾಬರಿಯಿಂದ ತಿರುಗಿದಳು. ಚನ್ನಬಸವ್ವ ತನ್ನ ಕರಡಿಗೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು ನಿಂತಿದ್ದಳು. ಕಿರಿಯಳಿಗೆ ಎಲ್ಲ ತಿಳಿದುಹೋಯಿತು. ಕಣ್ಣಲ್ಲಿ ನೀರು ತಂದುಕೊಂಡು, "ತಪ್ಪಾತ್ರಿ. ಗಡಿಬಿಡಿಯೊಳಗ ಅಕ್ಕಾರದು ನಿಮ್ಮದು ಅದಲುಬದಲ ಆತು" ಎಂದಳು.

ಸಿದ್ರಾಮಪ್ಪನ ಸಿಟ್ಟು ಇಳಿಯಿತು. ಅವಳ ತಲೆಯ ಮೇಲೆ ಕೈಯಿಟ್ಟು, "ಅಳಬ್ಯಾಡ. ಭಾಳ ಅಂಜಿದ್ದಿ ನೀ" ಎಂದ.

ಸುಮ್ಮನಿದ್ದರೆ ಚನ್ನಬಸವ್ವ ಪಾರಾಗುತ್ತಿದ್ದಳು. ಆದರೆ ತಪ್ಪು ತನ್ನದು, ತಲೆ ಸವರಿಸಿಕೊಳ್ಳುವವಳು ಅವಳು! ಅದನ್ನು ನೋಡುತ್ತ ನಿಲ್ಲುವುದು ಅವಳಿಂದಾಗಲಿಲ್ಲ.

"ಅಕಿ ಅಲ್ರಿ, ನಾ! ಬೇಕಂತ ನಾನ ಬದಲ ಮಾಡೀನಿ. ಬೈಯೂದಿದ್ರ ನನಗ ಬೈರಿ!"

ಸಿದ್ರಾಮಪ್ಪ ಬೈಯಲಿಲ್ಲ. ಕೈ ಚಾಚಿ ಅವಳಿಂದ ತನ್ನ ಲಿಂಗ ಇಸಿದುಕೊಂಡು, ಕಣ್ಣಿಗೊತ್ತಿಕೊಂಡು, ಮುಖ ಗೋಡೆಯ ಕಡೆ ತಿರುಗಿಸಿದ.

"ಶಿವಗಂಗಾ, ಅಕಿದು ಅಕಿಗೆ ಕೊಟ್ಟುಬಿಡು" ಎಂದ.

ಚನ್ನಬಸವ್ವ ತನ್ನ ಲಿಂಗವನ್ನು ಸವತಿಯ ಕೈಯಿಂದ ಇಸಿದುಕೊಂಡಳು.