ಕ್ಲೆಯಾ ಒಲ್ಲೆ ಎಂದದ್ದು

ಮೊದಲ ಚಿತ್ರದಿಂದಲೂ ನಟಿ ಇರಾಸಿಗೆ ಉಡುಪು ತೊಡಿಸುವವಳು ನಾನೇ. ಗಂಡ ಬಿಟ್ಟುಹೋದ ಮೇಲೆ ಹೊಸ ಪ್ರೀತಿ ಹುಡುಕಿಕೊಂಡು ರಿಯೋ ತುಂಬ ಅಲೆಯುವ ಕ್ಲೆಯಾ ಎಂಬ ಹೆಂಗಸಿನ ಪಾತ್ರ ಅವಳದು. ಎರಡು ಸಿನಿಮಾ ಗೆದ್ದವು; ಆಮೇಲೆ ಟೀವಿ ಧಾರಾವಾಹಿಯಾಗಿ ಕ್ಲೆಯಾ ಮನೆಮನೆಗೂ ಹೋದಳು.

ಮೂರನೆಯ ಸಿನಿಮಾಕ್ಕೆ ಒಟಾವಿಯೊ ಎಂಬ ಹೊಸ ನಿರ್ದೇಶಕ ಬಂದ. ಕೊನೆಯಲ್ಲಿ ಕ್ಲೆಯಾ ಆ ಹಳೆಯ ಗಂಡನನ್ನೇ ಮತ್ತೆ ಮದುವೆಯಾಗಬೇಕೆಂದು ಬರೆಸಿದ್ದ. ಚಿತ್ರೀಕರಣದ ದಿನ ಇಗರ್ಜಿಯ ಮೆಟ್ಟಿಲ ಮೇಲೆ ಇರಾಸಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ನೋಡು ಮರಿ, ಇವಳು ವಾಪಸ್ ಹೋಗಲ್ಲ."

"ಜನಕ್ಕೆ ಮದುವೆ ಬೇಕು, ಇರಾಸಿ."

"ಯಾವ ಜನ? ನಿಮ್ಮ ಅಪಾರ್ಟ್‌ಮೆಂಟ್ ಲಿಫ್ಟಲ್ಲಿ ಸಿಗೋರಾ? ಸರಿ, ಮೊದ್ಲು ನಿಂದು ಮಾಡ್ತೀನಿ, ಆಮೇಲೆ ನಂದು. ಎರಡನ್ನೂ ನೋಡಿ ನೀನೇ ಹೇಳು."

ಅವನು ಬರೆಸಿದ್ದನ್ನು ಅವಳು ಕಾಟಾಚಾರಕ್ಕೆ ಮಾಡಲಿಲ್ಲ. ಗಂಡನ ಪಾತ್ರದ ವಾಲ್ದಿರ್ ಉಂಗುರ ತೊಡಿಸುವಾಗ ಅವಳ ಕಣ್ಣು ತುಂಬಿತು. ಇದೇ ಸಾಕೇನೋ ಎಂದು ನನಗೂ ಅನಿಸಿಬಿಟ್ಟಿತು.

ಎರಡನೆಯ ಸಲ ವಾಲ್ದಿರ್ ಮಂಡಿಯೂರಿದ. "ಕ್ಲೆಯಾ, ನೀನಿಲ್ದೆ ಮನೆ ಮನೆ ಥರಾನೇ ಇಲ್ಲ."

ಅವಳು ಅವನ ಕಾಲರು ಮುಟ್ಟಿ ನೋಡಿದಳು. "ಇಸ್ತ್ರಿ ಮಾಡೋರು ಯಾರೂ ಇಲ್ವಾ?"

ಬರೆದುಕೊಡದ ಈ ಪ್ರಶ್ನೆಗೆ ವಾಲ್ದಿರ್ ತಡವರಿಸಿದ. "ಇ... ಇಲ್ಲ."

"ಕಾಳು ಬೇಯ್ಸೋರು?"

"ಅವ್ರೂ ಇಲ್ಲ."

"ಹಾಗಾದ್ರೆ ನಿಂಗೆ ಬೇಕಾಗಿರೋದು ಹೆಂಡ್ತಿ ಅಲ್ವೋ, ಕುಕ್ಕರು. ಏಳು, ಅಂಗಡಿ ಇನ್ನೂ ತೆಗ್ದಿರುತ್ತೆ."

ಅಂದವಳೇ ಅವನ ಕೆನ್ನೆ ತಟ್ಟಿ ಮೆಟ್ಟಿಲಿಳಿದು ಹೊರಟಳು. ಛಾಯಾಗ್ರಾಹಕ ನಕ್ಕ ರಭಸಕ್ಕೆ ಕ್ಯಾಮೆರಾ ಅಲುಗಾಡಿತು. ಒಟಾವಿಯೊ ಮುಖ ಮುಚ್ಚಿಕೊಂಡಿದ್ದ. ಕೋಪವಿರಬೇಕೆಂದು ನಾನು ಹೆದರಿದೆ. ನೋಡಿದರೆ ಅವನ ಭುಜಗಳು ಕುಣಿಯುತ್ತಿದ್ದವು.

"ಇನ್ನೊಂದ್ಸಲ ಮಾಡೋಣ," ಅಂದ. "ನಿಂದೇ. ಈ ಸಲ ನಗೋರೆಲ್ಲ ಆಚೆಗೆ ಹೋಗಿ."

ಸಿನಿಮಾ ಬಿಡುಗಡೆಯಾದ ವಾರ ನಾನೂ ಇರಾಸಿಯೂ ರಿಯೋದ ಮದುರೇಯ್ರಾ ಬಡಾವಣೆಯ ಚಿತ್ರಮಂದಿರದ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಕುಕ್ಕರಿನ ಮಾತಿಗೆ ಹೆಂಗಸರು ಕುರ್ಚಿ ಬಡಿದು ಕೂಗಿದರು. ಮುಂದಿನ ಎರಡು ಮಾತು ಯಾರಿಗೂ ಕೇಳಲೇ ಇಲ್ಲ. ಹೊರಗೆ ಒಬ್ಬಾಕೆ ಇರಾಸಿಯ ತೋಳು ಹಿಡಿದು ನಿಲ್ಲಿಸಿದಳು.

"ಮಾಡಿದ್ದು ಸರಿ ಕಣಮ್ಮ. ಆದ್ರೆ ಗಂಡಸು ನೋಡೋಕೆ ಚೆನ್ನಾಗವ್ನೆ. ನಿಂಗೆ ಬೇಡ ಅಂದ್ರೆ ನನ್ ತಂಗಿ ಇದಾಳೆ."

"ಕರ್ಕೊಂಡ್ ಹೋಗು ತಾಯಿ, ಪುಣ್ಯ ಬರುತ್ತೆ!" ಎಂದು ಇರಾಸಿ ನಕ್ಕಳು.

ಟೀವಿಯವರು ಹೊಸ ಕಂತುಗಳಿಗೆ ಕರೆದಾಗ ಅವಳು ಒಂದೇ ಷರತ್ತು ಹಾಕಿದಳು: ಕತೆ ಬರೆಯುವವರ ನಡುವೆ ತನಗೂ ಒಂದು ಕುರ್ಚಿ. ಕೊಟ್ಟರು.