ಪೆನ್ಸಿಲಿನ ಚುಕ್ಕೆ

ಪೆನ್ಸಿಲಿನ ಚುಕ್ಕೆ, ಸಾಸಿವೆಯಷ್ಟು, ಒಂದು ಎಂಜಿನ್ ಎಂಬ ಚೌಕದ ಪಕ್ಕದಲ್ಲಿ, ಇಟ್ಟದ್ದು ಮುಖ್ಯ ತರಬೇತುದಾರರ ಕೈ, ಉಕ್ಕಿನ ಪಟ್ಟಿಯ ಗಡಿಯಾರ ಕಟ್ಟಿದ ಕೈ, ನನ್ನ ಅರ್ಜಿಯಲ್ಲಿ, ನನ್ನನ್ನು ಕೇಳದೆ — ಇಲ್ಲೊಂದು ಗುರುತು ಹಾಕಿಡಮ್ಮ, ಟೀ ಕುಡಿದು ಬರ್ತೀನಿ ಅಂದರು, ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ. ವಿಮಾನ ಹಾರಿಸಲು ಕಲಿಸುವವಳಾಗಲು ಹೊರಟವಳು ನಾನು, ಒಂದು ಎಂಜಿನ್ನಿನದರಲ್ಲೋ ಎರಡರದರಲ್ಲೋ ಎಂದು ನಾನು ಹೇಳಬೇಡವೇ, ಎರಡನೆಯ ಚೌಕವನ್ನೇನು ಚೆಂದಕ್ಕೆ ಅಚ್ಚು ಹಾಕಿಸಿದ್ದಾರೆಯೇ. ಎರಡಿರೋದನ್ನೇ ತಗೋ, ಒಂದು ಕೆಟ್ಟರೆ ಇನ್ನೊಂದಿರುತ್ತೆ, ಬೆಳಿಗ್ಗೆ ಫೋನಿನಲ್ಲಿ ಅಮ್ಮ, ಬಲ್ಬಿನ ಮಾತಾಡಿದ ಹಾಗೆ, ಅಷ್ಟು ಸುಲಭವಲ್ಲಮ್ಮ ಅಂದೆ ನಾನು, ಒಂದು ನಿಂತರೆ ಇನ್ನೊಂದು ವಿಮಾನವನ್ನೇ ತಿರುಚಿಬಿಡುತ್ತದೆ, ಓಡುವ ಎಂಜಿನ್ನಿನ ಕಡೆಯ ಪೆಡಲನ್ನು ಒತ್ತಿಕೊಂಡೇ ಇರಬೇಕು, ಕಾಲು ಸೋತರೂ ಬಿಡುವಂತಿಲ್ಲ. ಅದಕ್ಕೇ ಈ ಚುಕ್ಕೆ. ನಿನ್ನ ಕಾಲಿಗೆ ಅಷ್ಟು ಬಲ ಸಾಲದಮ್ಮ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು ಅಂದರು ಸರ್, ಚುಕ್ಕೆ ಇಡುತ್ತಾ. ನನ್ನ ಒಳ್ಳೆಯದಂತೆ, ಮೈಯೆಲ್ಲ ಉರಿಯುತ್ತದೆ.

ಈ ಕಾಲು ಸರ್, ಇದೇ ಬಲಗಾಲು, ಹೋದ ವರ್ಷ ನನ್ನ ಪರೀಕ್ಷೆಯ ದಿನ ಎಡ ಎಂಜಿನ್ ಕೆಮ್ಮಿ ಕೆಮ್ಮಿ ನಿಜವಾಗಿಯೇ ನಿಂತಾಗ ಹನ್ನೆರಡು ನಿಮಿಷ ಒತ್ತಿ ಹಿಡಿದದ್ದು, ಮೂಗು ಎಡಕ್ಕೆ ಎಳೆಯುತ್ತಿದೆ, ಕೆಳಗೆ ಹೊಲ ವಾಲುತ್ತಿದೆ, ಎಡಗಾಲಿಗೆ ಕೆಲಸವಿಲ್ಲ, ಯಾವ ಕಾಲಿಗೆ ಕೆಲಸವಿಲ್ಲವೋ ಆ ಕಡೆಯ ಎಂಜಿನ್ನೇ ಸತ್ತದ್ದು, ನೀವೇ ಹೇಳಿಕೊಟ್ಟ ಪಾಠ — ಆಗ ಪಕ್ಕದ ಸೀಟಿನಿಂದ ನಿಮ್ಮ ಕೈ, ಉಕ್ಕಿನ ಪಟ್ಟಿಯ ಕೈ, ಬಲಗಡೆಯ ಎಂಜಿನ್ನಿನ ಹಿಡಿಕೆಯ ಮೇಲೆ, ಕೆಟ್ಟದ್ದನ್ನು ಪೂರ್ತಿ ಬಂದ್ ಮಾಡುವ ಬದಲು ಓಡುತ್ತಿದ್ದದ್ದನ್ನೇ ನಿಲ್ಲಿಸಲು. ಅದಲ್ಲ ಸರ್, ಎಡಗಡೇದು ಅಂದೆ, ಆ ಕೈಯನ್ನು ನನ್ನ ಕೈಯಿಂದ ಅದುಮಿ ಹಿಡಿದೆ, ತಣ್ಣಗಿತ್ತು. ಇಳಿದ ಮೇಲೆ ಆಫೀಸಿನಲ್ಲಿ ಕಾಲ ಮೇಲೆ ಕಾಲು ಹಾಕಿ, ನಾನಿದ್ದೆ, ಅದಕ್ಕೇ ಬಚಾವಾದ್ವಿ ಅಂದಿರಿ, ನಾನು ತುಟಿಪಿಟಕ್ಕೆನ್ನಲಿಲ್ಲ, ಪರವಾನಗಿಗೆ ನಿಮ್ಮ ಸಹಿ ಬೇಕಿತ್ತು, ಥೂ, ನಿಮಗಿಂತ ನನ್ನ ಮೇಲೇ ನನಗೆ ಸಿಟ್ಟು. ಅಂದಿನಿಂದ ಎಷ್ಟು ಜನ ಕಲಿಯುವವರು ನಿಮ್ಮ ಪಕ್ಕದಲ್ಲಿ ಕೂತರು, ಸರ್ ಇದ್ದಾರಲ್ಲ ಎಂಬ ಧೈರ್ಯದಲ್ಲಿ, ಅದಲ್ಲ ಸರ್ ಎನ್ನಲು ಅವರಿಗೆ ತಿಳಿದಿರುತ್ತದೆಯೇ. ಚುಕ್ಕೆಯನ್ನು ಉಜ್ಜುತ್ತೇನೆ, ಕಾಗದ ಹರಿದರೆ ಹರಿಯಲಿ, ಎರಡನೆಯ ಚೌಕದಲ್ಲಿ ಶಾಯಿಯ ಗುರುತು, ಕೆಳಗೆ ಕಾರಣ ಎಂಬಲ್ಲಿ ಬರೆಯುತ್ತೇನೆ, ಆ ದಿನದ ತಾರೀಖು, ನಿಂತ ಎಡ ಎಂಜಿನ್, ಬಲಗಡೆಯ ಹಿಡಿಕೆ, ಅದರ ಮೇಲೆ ಯಾರ ಕೈ ಎಂಬುದನ್ನೂ — ಆಯ್ತೇನಮ್ಮ, ಬಾಗಿಲಲ್ಲಿ ದನಿ, ಅರ್ಜಿಗೆಂದು ಮೇಜಿನ ಮೇಲೆ ಚಾಚಿದ ಕೈ, ಉಕ್ಕಿನ ಪಟ್ಟಿ, ಆ ಕೈ, ಆ ಕೈ