ಸತ್ತ ಹಾಗೆ ಮಲಗುವ ಜಾಗ

“ಕುಂಡಿ ಎತ್ತೇ ಮುಂಡೆ! ಹುಲ್ಲಿನ ಮೇಲೆ ಕೂತ್ಕೊಳ್ಳೋಕೆ ನಿಮ್ಮಪ್ಪ ಹಾಕ್ಸಿದ್ನಾ ಇದನ್ನ?”

ಮೇಸ್ತ್ರಿ ಬೈದದ್ದು ನನ್ನ ತಂಗಿಗೆ. ಅವಳೇನೂ ಕೂತಿರಲಿಲ್ಲ. ಮೊಣಕಾಲೂರಿ, ಆಗಷ್ಟೇ ಹಾಸಿದ ಹುಲ್ಲಿನ ಅಂಚನ್ನು ಮಣ್ಣಿಗೆ ಒತ್ತುತ್ತಿದ್ದಳು. ಚಾಪೆಯ ಹಾಗೆ ಸುರುಳಿ ಸುತ್ತಿಕೊಂಡು ಲಾರಿಯಲ್ಲಿ ಬರುವ ಹುಲ್ಲು ಅದು. ಗಂಡಸರು ಬಿಚ್ಚಿ ಹಾಸುತ್ತಾರೆ, ಹೆಂಗಸರು ಅಂಚಿಗೆ ಅಂಚು ಕೂಡಿಸಿ ಅಂಗೈಯಿಂದ ಒತ್ತುತ್ತಾರೆ. ಹಾಸಿದ ಕೂಡಲೇ ಒತ್ತಿ ನೀರು ಬಿಡಬೇಕು. ತಡವಾದರೆ ಅಂಚು ಸುರುಟಿಕೊಂಡು ಕೆಳಗಿನ ಬೋಳು ನೆಲ ಹಲ್ಲು ಕಿರಿಯುತ್ತದೆ.

“ನಿಂತ್ಕೊಂಡು ಒತ್ತೋಕೆ ನನ್ನ ಕೈ ಅಷ್ಟುದ್ದ ಇಲ್ಲಣ್ಣಾ. ನಿನ್ನ ನಾಲಿಗೆ ಕೊಡು, ಅದು ಮುಟ್ಟುತ್ತೆ,” ಎಂದಳು ತಂಗಿ.

ಸಾಲಿನಲ್ಲಿದ್ದವರೆಲ್ಲ ಕಿಸಕ್ಕನೆ ನಕ್ಕರು. ಮೇಸ್ತ್ರಿ ಅವಳ ಬೆನ್ನ ಮೇಲೆ ಬೂಟುಗಾಲಿಂದ ಮಣ್ಣು ತೂರಿ ಮುಂದೆ ಹೋದ. ಅವಳು ಕೊಡವಿಕೊಳ್ಳಲೂ ಇಲ್ಲ. ಬಾಯಿ ಜೋರಿದ್ದವಳ ಕೈಯೂ ಜೋರಿತ್ತು, ಅದಕ್ಕೇ ಅವನು ಅವಳನ್ನು ಕೆಲಸದಿಂದ ತೆಗೆದಿರಲಿಲ್ಲ.

ಭೂಮಿ ಕಾದು ಕೆಂಡವಾಗುತ್ತಿದೆ, ಏನು ಮಾಡೋಣ ಎಂದು ಮಾತಾಡಲು ಲೋಕದ ದೇಶಗಳೆಲ್ಲ ನಮ್ಮೆದುರಿನ ಗಾಜಿನ ಕಟ್ಟಡದೊಳಗೆ ಸೇರಿದ್ದವು. ದೊಡ್ಡವರು ಊಟ ಮುಗಿಸಿ ಹೊರಗೆ ಬಂದು ಫೋಟೋ ತೆಗೆಸಿಕೊಳ್ಳುವ ಹೊತ್ತಿಗೆ ಬಟಾಬಯಲು ಹಸಿರಾಗಿರಬೇಕಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ನಮಗೂ ಸೀರೆಯ ಮೇಲೆ ಹಸಿರು ಅಂಗಿ ತೊಡಿಸಿದ್ದರು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಮಾಡಿದ್ದಂತೆ, ಎದೆಯ ಮೇಲೆ ನಗುತ್ತಿರುವ ಭೂಮಿಯ ಚಿತ್ರ. ಒಳಗೆ ಗಾಳಿ ಆಡುತ್ತಿರಲಿಲ್ಲ, ಬಿಚ್ಚಿದರೆ ಕೆಲಸವಿರುತ್ತಿರಲಿಲ್ಲ.

ಬೆಳಗಿನಿಂದ ಹೆಂಗಸರು ಯಾರೂ ಒಂದು ಗುಟುಕು ನೀರು ಕುಡಿದಿರಲಿಲ್ಲ. ನೀರಿಲ್ಲದೆ ಅಲ್ಲ, ಹುಲ್ಲಿಗೆ ಬಿಡುವ ಪೈಪು ಕೈಯಲ್ಲೇ ಇತ್ತು. ಕುಡಿದರೆ ಹೋಗಬೇಕು, ಹೋಗುವುದೆಲ್ಲಿಗೆ? ನಮಗೆಂದು ಇಟ್ಟಿದ್ದ ತಗಡಿನ ಪಾಯಖಾನೆ ದೊಡ್ಡವರ ಕಣ್ಣಿಗೆ ಬೀಳುತ್ತದೆಂದು ಹಿಂದಿನ ದಿನವೇ ಎತ್ತಿಸಿದ್ದರು. ಗಂಡಸರು ಗೋಡೆ ಕಂಡಲ್ಲಿ ನಿಲ್ಲುತ್ತಾರೆ. ನಾವು ಹೊರಡುವ ಮುಂಚೆ ಬಾಯಿ ಕಟ್ಟುತ್ತೇವೆ, ಮನೆಗೆ ಬಂದು ಚೊಂಬುಗಟ್ಟಲೆ ಕುಡಿಯುತ್ತೇವೆ. ಅಮ್ಮ ನನಗೆ ಕಲಿಸಿದ ಕಸುಬು, ನಾನು ತಂಗಿಗೆ ಕಲಿಸಿದ್ದು. ಆದರೆ ಆಗ ಅವಳು ಬಾಣಂತಿತನ ಮುಗಿಸಿ ಬಂದವಳಾಗಿರಲಿಲ್ಲ. ಈಗ ಅವಳ ತಗಡಿನ ಮನೆಯಲ್ಲಿ ಅತ್ತೆಯ ಮಡಿಲಲ್ಲಿ ಮೊಲೆ ಬಿಡದ ಕೂಸಿತ್ತು.

ಒಳಗಿನ ಮಾತು ಹೊರಗಿನವರಿಗೂ ಕೇಳಲೆಂದು ಕಂಬಗಳಿಗೆ ಸ್ಪೀಕರ್ ಕಟ್ಟಿ, ನಮ್ಮ ಭಾಷೆಗೆ ತಿರುಗಿಸಿ ಹೇಳುತ್ತಿದ್ದರು. ಹಾಳು ಮಾಡಿದವರು ತುಂಬಿಕೊಡಿ ಎನ್ನುತ್ತಿದ್ದವು ಬಡದೇಶಗಳು. ತುಂಬಿಕೊಡುವ ಮಾತು ಬೇಡ, ಕೈಲಾದ ನೆರವು ಅಂತ ಬರೆಯಿರಿ ಎನ್ನುತ್ತಿದ್ದವು ಸಿರಿದೇಶಗಳು. ವಾರದಿಂದ ಇದೇ.

“ಬೆಂಕಿ ಬಿದ್ದಾಗ ಬಾವಿ ತೋಡೋಕೆ ಹೋದ್ರು ಅಂತಾರಲ್ಲಕ್ಕಾ, ಇವ್ರು ಅದೂ ಇಲ್ಲ. ಗುದ್ದಲಿ ಯಾರ್ದು ಅಂತ ಜಗಳ ಆಡ್ತಿದಾರೆ,” ಎಂದಳು ತಂಗಿ. ಆದರೆ ಅವಳ ನಾಲಿಗೆ ತೊದಲುತ್ತಿತ್ತು. ನಾನು ತಿರುಗಿ ನೋಡಿದೆ. ಮುಖ ಕೆಂಪಗೆ ಊದಿತ್ತು.

“ಸಾಕು, ಸ್ವಲ್ಪ ನೀರು ಕುಡಿಯೇ.”

“ಕುಡಿದು? ಆಮೇಲೆ ಮಂತ್ರಿ ಟೋಪೀಲಿ ಉಚ್ಚೆ ಹೊಯ್ಲಾ?”

ಅದೇ ಅವಳು ನಗಾಡಿದ ಕೊನೆಯ ಮಾತು.

ಸ್ಪೀಕರಿನಲ್ಲಿ ನಮ್ಮ ಮಂತ್ರಿ ಮಾತಾಡತೊಡಗಿದ. “ನನ್ನ ದೇಶದ ಬಡ ತಾಯಂದಿರು ಬಿಸಿಲಿನಲ್ಲಿ ಬೇಯುತ್ತಿದ್ದಾರೆ. ಅವರ ದನಿಯಾಗಿ ನಾನಿಲ್ಲಿ ನಿಂತಿದ್ದೇನೆ.” ಚಪ್ಪಾಳೆಯೋ ಚಪ್ಪಾಳೆ. ಅದರ ಹಿಂದೆಯೇ, ಈ ವಿಷಯವನ್ನು ಮುಂದಿನ ವರ್ಷದ ಸಭೆಗೆ ಇಟ್ಟುಕೊಳ್ಳೋಣ ಎಂದು ಇನ್ಯಾರೋ ಹೇಳಿದರು. ಅದಕ್ಕೂ ಚಪ್ಪಾಳೆ ಬಿತ್ತು. ತಂಗಿ ಒತ್ತುತ್ತಿದ್ದ ಹುಲ್ಲಿನ ಮೇಲೇ ಮುಖ ಅಡಿಯಾಗಿ ಬಿದ್ದಳು.

ಹೊರಳಿಸಿದೆವು. ಮೈ ಕಾದ ಹಂಚಿನಂತಿತ್ತು, ಒಂದು ಹನಿ ಬೆವರಿಲ್ಲ. ಎದೆಯ ಬಟ್ಟೆ ಮಾತ್ರ ಹಾಲು ಸೋರಿ ಒದ್ದೆಯಾಗಿತ್ತು. ಅಂಗಿ ಹರಿದು ಬಿಸಾಕಿ ಪೈಪು ಹಿಡಿದರೆ ಬಿಸಿಲಿಗೆ ಬಿದ್ದಿದ್ದ ಪೈಪಿನ ನೀರು ಸುಡುತ್ತಿತ್ತು. ಬಾಯಿಗೆ ಬಿಟ್ಟದ್ದು ಕಟಬಾಯಿಂದ ಹೊರಗೆ ಬಂತು. ನೆರಳೆಂಬುದು ಎಲ್ಲೂ ಇರಲಿಲ್ಲ, ಅಲ್ಲಿದ್ದ ಗಿಡಗಳೆಲ್ಲ ನಾವೇ ನೆಟ್ಟ ಗೇಣುದ್ದದವು.

“ಬೆವರು ನಿಂತೋಗಿದೆ ಕಣೇ, ತಂಪಿಗೆ ತಗೊಂಡ್ಹೋಗು,” ಎಂದಳು ಸಾಲಿನ ಹಿರಿಯಳು. ನಾವೆಲ್ಲ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದೆವು. “ನನ್ನ ಗಂಡ ಹೋಗಿದ್ದೂ ಹಿಂಗೇ. ಬೇಗ!”

ಮೇಸ್ತ್ರಿ ಓಡಿಬಂದ. ಬಿದ್ದವಳನ್ನಲ್ಲ, ಅವಳ ಅಡಿ ನಜ್ಜಾದ ಹುಲ್ಲನ್ನು ನೋಡಿದ. “ಥೂ ನಿಮ್ಮ! ಇವತ್ತೇ ಆಗ್ಬೇಕಾ ಇದು? ಲಾರಿ ಹಿಂದೆ ಎಳೀರಿ. ಮೇಲೊಂದು ಗೋಣಿ ಹಾಕಿ, ಯಾರಿಗೂ ಕಾಣ್ಬಾರ್ದು.”

“ಆಂಬುಲೆನ್ಸ್ ಕರಿ, ಬೋಳಿಮಗನೇ!” ಎಂದು ಕಿರುಚಿದೆ.

“ಆಂಬುಲೆನ್ಸ್ ಇರೋದು ಒಳಗಿನೋರಿಗೆ.”

ಹುಲ್ಲು ತಳ್ಳುವ ಕೈಗಾಡಿಯಲ್ಲಿ ತಂಗಿಯನ್ನು ಮಲಗಿಸಿಕೊಂಡು ಗಾಜಿನ ಬಾಗಿಲಿಗೆ ತಳ್ಳಿದೆ. ಯಾರೋ ಹೊರಗೆ ಬಂದಾಗ ಬಾಗಿಲು ಸರಿದು, ಒಳಗಿನ ತಂಪು ನನ್ನ ಮುಖಕ್ಕೆ ಬಡಿಯಿತು. ಚಳಿಗಾಲವನ್ನೇ ಒಳಗೆ ಕೂಡಿಹಾಕಿದ್ದರು ಕಳ್ಳರು. ಐದು ನಿಮಿಷ ಅಲ್ಲಿ ಮಲಗಿಸಿದರೆ ಬದುಕಿಕೊಳ್ಳುತ್ತಾಳೆ ಎನಿಸಿತು.

“ಬಿಲ್ಲೆ ಎಲ್ಲಿ?” ಎಂದ ಕಾವಲಿನವನು. ಒಳಗೆ ಹೋಗುವವರ ಕೊರಳಲ್ಲೆಲ್ಲ ಫೋಟೋ ಇರುವ ಬಿಲ್ಲೆ ನೇತಾಡುತ್ತಿತ್ತು.

“ಅಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ. ಎಳೇ ಕೂಸಿನ ತಾಯಿ. ಬಾಗಿಲ ಹತ್ರ ಮಲಗಿಸ್ತೀನಿ, ಒಳಗೆ ಬರಲ್ಲ.”

“ಬಿಲ್ಲೆ ಇಲ್ದೆ ನಮ್ಮ ಸಾಹೇಬನನ್ನೂ ಬಿಡಲ್ಲ. ನಡಿ ನಡಿ.”

ನುಗ್ಗಲು ಹೋದೆ. ಎದೆಗೆ ಕೋಲು ಕೊಟ್ಟು ತಳ್ಳಿದ, ಗಾಡಿಯ ಅಂಚಿಗೆ ಬಡಿದು ತುಟಿ ಒಡೆಯಿತು. ಬಡವನ ಕೋಪ ದವಡೆಗೆ ಮೂಲ. ಕೂಗಾಡುತ್ತ ನಿಂತರೆ ತಂಗಿ ಉಳಿಯುವುದಿಲ್ಲ ಎಂದು ಗಾಡಿ ತಿರುಗಿಸಿಕೊಂಡು ಕಟ್ಟಡದ ಪಕ್ಕಕ್ಕೆ ಓಡಿದೆ. ಅಲ್ಲೊಂದು ಚಿಕ್ಕ ಬಾಗಿಲು. ಕಾಲೇಜಿನ ವಯಸ್ಸಿನ ಹುಡುಗ ಹುಡುಗಿಯರು ಮೈಗೆ ಬಿಳಿ ಬಟ್ಟೆ ಸುತ್ತಿಕೊಂಡು, ಮುಖಕ್ಕೆ ಬೂದಿ ಬಳಿದುಕೊಂಡು ಸಾಲಾಗಿ ಒಳಗೆ ಹೋಗುತ್ತಿದ್ದರು. ಅಲ್ಲಿನ ಕಾವಲಿನವನು ನನ್ನ ಹಸಿರು ಅಂಗಿ ನೋಡಿದ, ತುಟಿಯ ರಕ್ತ ನೋಡಿದ, ಗಾಡಿಯಲ್ಲಿದ್ದವಳನ್ನು ನೋಡಿದ.

“ನೀವು ಸಾಯೋ ಗುಂಪಿನೋರಾ?”

“ಹೌದು,” ಎಂದೆ. “ಸಾಯೋರೇ.”

ಬಿಟ್ಟ.

ಒಳಗೆ ನೆಲವೇ ತಣ್ಣಗಿತ್ತು. ಅಗಲವಾದ ಪಡಸಾಲೆಯ ಒಂದು ಮೂಲೆಗೆ ಹಗ್ಗ ಕಟ್ಟಿ ಜಾಗ ಬಿಡಿಸಿದ್ದರು. ಆ ಮಕ್ಕಳು ಅಲ್ಲಿ ಒಬ್ಬರ ಪಕ್ಕ ಒಬ್ಬರು ಸತ್ತ ಹಾಗೆ ಮಲಗಿದರು. ಬಿಸಿಲಿನಿಂದ ಸತ್ತವರ ಪರವಾಗಿ ಹಾಗೆ ಮಲಗಲು ಸಭೆಯವರು ಹೊತ್ತು ಗೊತ್ತುಮಾಡಿ ಜಾಗ ಕೊಟ್ಟಿದ್ದಾರೆಂದು ನನಗೆ ತಿಳಿದದ್ದು ಆಮೇಲೆ. ಆಗ ಕಂಡದ್ದು ತಂಪಾದ ನೆಲವೊಂದೇ. ತಂಗಿಯನ್ನು ಇಳಿಸಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಪಕ್ಕದಲ್ಲಿ ಮಲಗಿದ್ದ ಹುಡುಗಿ ಮುಗುಳ್ನಕ್ಕು, ತನ್ನ ಬಿಳಿ ಬಟ್ಟೆಯಲ್ಲಿ ಅರ್ಧವನ್ನು ಅವಳ ಮೇಲೆ ಎಳೆದಳು.

“ನೀರು ಕೊಡ್ರಪ್ಪಾ! ಯಾರಾದ್ರೂ ಡಾಕ್ಟ್ರನ್ನ ಕರೀರಿ! ನನ್ನ ತಂಗಿ ಸಾಯ್ತಿದಾಳೆ!” ಎಂದು ಕೂಗಿದೆ.

ಬಿಲ್ಲೆಯವರು ನಿಂತು ನೋಡಿದರು. ಸುತ್ತ ಜನ ಸೇರಿತು, ಮೊಬೈಲುಗಳು ಮೇಲೆದ್ದವು. ನಾನು ಎದೆ ಬಡಿದುಕೊಂಡೆ. ಬೇರೆ ದೇಶದ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ನಾನು ಕೂಗಿದಷ್ಟೂ ಅವರು ಹತ್ತಿರ ಬಂದರು, ಹಗ್ಗ ಮಾತ್ರ ಯಾರೂ ದಾಟಲಿಲ್ಲ.

ಅಷ್ಟರಲ್ಲಿ ನಮ್ಮ ಮಂತ್ರಿ ಅತ್ತ ಬಂದ. ದೇವರೇ ಬಂದಷ್ಟು ಸಂತೋಷವಾಯಿತು ನನಗೆ, ಏನೇ ಇರಲಿ ನಮ್ಮ ಮಾತು ಬಲ್ಲವನಲ್ಲವೇ.

“ಸ್ವಾಮೀ, ಹೊರಗೆ ಹುಲ್ಲು ಹಾಕ್ತಿದ್ವಿ. ಬಿಸಿಲಿಗೆ ಬಿದ್ಬಿಟ್ಳು. ಉಸಿರು ಸಣ್ಣಗೆ ಆಡ್ತಿದೆ ನೋಡಿ. ನೀವು ಒಂದು ಮಾತು ಹೇಳಿದ್ರೆ ಆಂಬುಲೆನ್ಸ್ ಬರುತ್ತೆ!”

ಅವನು ಹಗ್ಗದ ಮೇಲಿಂದ ಬಾಗಿ ನನ್ನ ತಲೆ ಸವರಿದ. ಕ್ಯಾಮೆರಾಗಳು ಮಿಂಚಿದವು.

“ಚೆನ್ನಾಗಿ ಮಾಡ್ತಿದೀಯಮ್ಮಾ,” ಎಂದ. “ಕರುಳು ಕಿತ್ತು ಬರುತ್ತೆ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಸದ್ದಿನಲ್ಲಿ ತಂಗಿಯ ಉಸಿರು ನನಗೆ ಕೇಳಿಸಲಿಲ್ಲ. ಬಗ್ಗಿ ಮೂಗಿನ ಬಳಿ ಕಿವಿ ಇಟ್ಟೆ. ಕೈ ಹಿಡಿದೆ. ಬೆಳಗಿನಿಂದ ಕಾಯುತ್ತಿದ್ದ ಮೈ ನಿಧಾನವಾಗಿ ತಣ್ಣಗಾಗುತ್ತಿತ್ತು, ನಾನು ಬೇಡಿದ ತಂಪೇ ಅವಳನ್ನು ಹೊಕ್ಕಿತ್ತು.

ಯಾರೋ ಸೀಟಿ ಊದಿದರು. ಸತ್ತವರೆಲ್ಲ ಎದ್ದರು. ಮೈಮುರಿದು, ಬೂದಿ ಒರೆಸಿಕೊಂಡು, ಬಾಟಲಿ ಎತ್ತಿ ಗಟಗಟ ನೀರು ಕುಡಿದರು. ಪಕ್ಕದ ಹುಡುಗಿ ಬಟ್ಟೆಯನ್ನು ವಾಪಸು ಎಳೆದುಕೊಳ್ಳಲು ಬಗ್ಗಿದವಳು ತಂಗಿಯ ಅರೆತೆರೆದ ಕಣ್ಣು ನೋಡಿ ಕೈಬಿಟ್ಟಳು.

ಬಿಲ್ಲೆಯ ಅಧಿಕಾರಿಯೊಬ್ಬ ಗಡಿಯಾರ ನೋಡುತ್ತ ಬಂದ. “ಟೈಮ್ ಆಯ್ತು, ಏಳಮ್ಮಾ. ಮುಂದಿನ ಗುಂಪು ಕಾಯ್ತಿದೆ. ಅವಳನ್ನೂ ಎಬ್ಬಿಸು.”

“ನೀನೇ ಎಬ್ಬಿಸು.”

“ರೂಲ್ಸ್ ಇದೆ ಇಲ್ಲಿ. ಕೊಟ್ಟ ಟೈಮಿಗಿಂತ ಜಾಸ್ತಿ ಮಲಗೋ ಹಾಗಿಲ್ಲ.”

ನಾನು ಬಿಳಿ ಬಟ್ಟೆಯನ್ನು ಅವಳ ಗಲ್ಲದವರೆಗೆ ಹೊದಿಸಿದೆ. ಮುಖ ಮುಚ್ಚಲಿಲ್ಲ, ನೋಡಲಿ ಎಂದು ಬಿಟ್ಟೆ. ಆಮೇಲೆ ಹಸಿರು ಅಂಗಿ ಬಿಚ್ಚಿ ಅವನ ಕಾಲ ಮೇಲೆ ಎಸೆದು, ತಂಗಿಯ ಪಕ್ಕದಲ್ಲಿ ಉದ್ದಕ್ಕೆ ಮಲಗಿದೆ.

“ಇವಳು ಏಳಲ್ಲ,” ಎಂದೆ. “ನಾನೂ ಏಳಲ್ಲ. ಮುಂದಿನ ವರ್ಷದ ಸಭೆಗೆ ಇಟ್ಕೊಳ್ಳಿ.”